ಕೊನೆಯವರೆಗೂ ಮೈದಾನದಲ್ಲಿ

ಫುಟ್‌ಬಾಲ್ ಕ್ಲಬ್ಬಿನ ಸ್ಟಾರ್ ಆಟಗಾರ ಡೆನ್ಜಿಲ್ ಅವರ ಎಡಗಾಲಿನ ಶೂ ಲೇಸು ಸೋಮವಾರದಿಂದ ಬಿಚ್ಚಿಕೊಂಡೇ ಇತ್ತು. ಆಡಳಿತ ಮಂಡಳಿ ತುರ್ತು ಸಭೆ ಸೇರಿತು.

"ಯಾವ ಪಂದ್ಯವಾದರೂ ಕೊನೆಯವರೆಗೂ ನಾನು ಮೈದಾನದಲ್ಲೇ ಇರಬೇಕು. ಕರಾರಿನಲ್ಲಿ ಬರೆಯಿರಿ, ಆಮೇಲೆ ಲೇಸು ಕಟ್ಟಿ ಆಡುತ್ತೇನೆ" ಎಂಬುದು ಅವರ ಪಟ್ಟು. ಅವರಿಲ್ಲದೆ ತಂಡ ಗೆಲ್ಲದು. ಒಪ್ಪಿದರೆ ಕೋಚ್ ಮಾತನ್ನು ಯಾರೂ ಕೇಳರು.

ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಮಾಲಿ ತಿಪ್ಪಣ್ಣನಿಗೆ ದಾರಿ ಹೊಳೆಯಿತು. "ಬರ್ಕೊಡಿ ಸಾರ್. ಭಾನುವಾರ ಗಲ್ಲಿ ಹುಡುಗರ ಜೊತೆ ಆಡ್ಸಿ" ಎಂದ.

ಕೋಚ್ ಬರೆದುಕೊಟ್ಟರು. ಡೆನ್ಜಿಲ್ ಲೇಸು ಕಟ್ಟಿ ಭಾನುವಾರ ಗಲ್ಲಿ ಹುಡುಗರ ಜೊತೆ ಆಟಕ್ಕಿಳಿದರು. ಗಲ್ಲಿ ಪಂದ್ಯಕ್ಕೆ ಆಟ ಮುಗಿಸುವ ಸೀಟಿಯಿಲ್ಲ. ಕತ್ತಲಾಗಿ ಚೆಂಡು ಕಣ್ಣಿಗೆ ಕಾಣದಾಗುವವರೆಗೂ ಆಟ. ಸುಸ್ತಾದವನು ಹೊರಗೆ ಹೋಗುತ್ತಾನೆ, ಟೀ ಕುಡಿದವನು ಒಳಗೆ ಬರುತ್ತಾನೆ. ಡೆನ್ಜಿಲ್ ಮಾತ್ರ ಬೆಳಿಗ್ಗೆಯಿಂದ ಓಡುತ್ತಲೇ ಇದ್ದರು.

ಮಧ್ಯಾಹ್ನ ಅವರು ಗೆರೆಯ ಬಳಿ ಬಂದು ಏದುಸಿರು ಬಿಟ್ಟರು. "ತಿಪ್ಪಣ್ಣ, ಸ್ವಲ್ಪ ಕೂತ್ಕೊಳ್ತೀನಪ್ಪ."

"ಅಯ್ಯೋ, ಕರಾರು ಮುರಿದ ಹಾಗಾಗುತ್ತೆ ಸಾರ್! ಇನ್ನೂ ಒಳ್ಳೇ ಬೆಳಕಿದೆ."

"ಹಾಗಾದ್ರೆ ಕೋಚ್‌ಗೆ ಹೇಳು, ನನ್ನ ಹೊರಗೆ ಕರೀಲಿ!"

"ಆ ಅಧಿಕಾರ ನೀವೇ ಕಿತ್ಕೊಂಡ್ರಲ್ಲ ಸಾರ್."

ಅಷ್ಟರಲ್ಲಿ ಊಟ ಮುಗಿಸಿದ ಹುಡುಗರ ಹೊಸ ದಂಡು ಕೇಕೆ ಹಾಕುತ್ತ ಒಳಗೆ ನುಗ್ಗಿತು. ಡೆನ್ಜಿಲ್ ಕರಾರು ತರಿಸಿಕೊಂಡರು. ಆ ಸಾಲನ್ನು ತಾವೇ ಹೊಡೆದುಹಾಕಿ, ಗೆರೆಯ ಒಳಗೆ ನಿಂತೇ ಸಹಿ ಮಾಡಿದರು.

ಕೋಚ್ ಅವರನ್ನು ಹೊರಗೆ ಕರೆದು ಬೇರೊಬ್ಬನನ್ನು ಆಟಕ್ಕೆ ಕಳಿಸಿದರು.