ಹಲ್ಲಿ ಕೊಟ್ಟ ಅಪ್ಪಣೆ

ಯುಗಾದಿಗೆ ಸುಣ್ಣ ಬಳಿಯುವ ದಿನ, ನಿಂಗಪ್ಪನ ಅಡುಗೆಮನೆ ಗೋಡೆಯ ಬಿರುಕಿನಲ್ಲಿದ್ದ ಜೇಡ ನಡುಗುತ್ತಾ ಹಲ್ಲಿಗೆ ಹೇಳಿತು: "ಅಣ್ಣಾ, ಸಿಮೆಂಟು ಕಲಸಿದ್ದಾರೆ. ನಮ್ಮ ಮನೆ ಹೋಯ್ತು, ಓಡು!"

"ಲೇ ಹೇಡಿ, ಈ ಮನೆ ನಡೆಯೋದೇ ನನ್ನ ಮಾತಿನ ಮೇಲೆ. ನಾನು ಲೊಚಗುಟ್ಟಿದ್ದೇ ಸತ್ಯ ಅಂತ ನಂಬೋ ಜನ ಇವರು. ಹೋದ ವರ್ಷ ನಿಂಗಪ್ಪ, 'ಪುರುಸೊತ್ತಿಲ್ಲ, ಮುಂದಿನ ಯುಗಾದಿಗೆ ಮುಚ್ಚಿದರಾಯ್ತು' ಅಂದ. ನಾನು ಲೊಚಗುಟ್ಟಿದೆ. ಕೆಲಸ ಅಲ್ಲಿಗೇ ನಿಂತಿತು!"

"ಈ ಸಲ ಅವನ ಹೆಂಡತಿಯೇ ಕರಣೆ ಹಿಡಿದು ನಿಂತಿದ್ದಾಳಲ್ಲ?"

ಅತ್ತ ಗಿರಿಜವ್ವ ಗಂಡನಿಗೆ, "ರೀ, ಎಷ್ಟೇ ಕೆಲಸ ಇರಲಿ, ಈ ಬಿರುಕು ಇವತ್ತೇ ಮುಚ್ಚಬೇಕು" ಎಂದಳು.

"ಅವಳೇನು ಮಹಾ!" ಎಂದು ಹಲ್ಲಿ ತಾತ್ಸಾರದಿಂದ ಲೊಚಗುಟ್ಟಿತು.

"ಹಲ್ಲಿಯೂ ಹೂಂ ಅಂತಲ್ಲೇ! ಇನ್ನು ತಪ್ಪಿಸಿಕೊಳ್ಳೋ ಹಾಗಿಲ್ಲ" ಎಂದು ನಿಂಗಪ್ಪ ಪಂಚೆ ಎತ್ತಿ ಕಟ್ಟಿದ.

ಸಿಮೆಂಟಿಗೆ ಬಾಲ ಕೊಟ್ಟು ಜೀವ ಉಳಿಸಿಕೊಂಡ ಹಲ್ಲಿ ಸಂಜೆ ಬೇಲಿಯ ಮೇಲಿನ ಓತಿಕ್ಯಾತನಿಗೆ ಹೇಳುತ್ತಿತ್ತು: "ಒಳಗೆ ಹೋಗಿ ಗೋಡೆ ನೋಡು, ಎಷ್ಟು ನುಣುಪು! ಹೋದ ವರ್ಷದಿಂದ ಅವರ ಕೈಲಿ ಆಗಿರಲಿಲ್ಲ. ನಾನು ಒಂದೇ ಮಾತು ಹೇಳಿ ಮಾಡಿಸಿದೆ."