ಎಣ್ಣೆ ಇದ್ದ ಜಾಗ

“ಗುರುಗಳೇ, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಬೆಳಿಗ್ಗೆ ನನ್ನ ಮುಂದೆ ಕೂತು ಅತ್ತಳು. ನನಗೆ ಏನೂ ಅನ್ನಿಸಲಿಲ್ಲ. ಮನೆ, ಹೆಂಡತಿ, ಮಕ್ಕಳು ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟು ಬಂದವನು ನಾನು. ವೈರಾಗ್ಯ ಎಂದರೆ ಇದೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಇಡೀ ದಿನ ಜನರ ಕಷ್ಟ ಕೇಳಿ ಗುರುಗಳಿಗೆ ದಣಿವಾಗಿತ್ತು. ಗೋಡೆಗೆ ಒರಗಿಕೊಂಡೇ ಹೇಳತೊಡಗಿದರು.

“ಒಬ್ಬ ಕುಶಲಕರ್ಮಿ ಇದ್ದ. ಪಾಲಿಮರ್ ರಾಳದಿಂದ ಸಾಸಿವೆಯಷ್ಟು ಸಣ್ಣ ಮಣಿ ಮಾಡುತ್ತಿದ್ದ. ಪಕ್ಕದ ಊರಿನ ಬಾವಿಯ ನೀರಿನಲ್ಲಿ ವಿಷವಿತ್ತು. ಕುಡಿದ ಮಕ್ಕಳ ಕಾಲು ಸೊಟ್ಟಗಾಗುತ್ತಿದ್ದವು. ಆ ನೀರನ್ನು ಇವನ ಮಣಿಗಳ ನಡುವೆ ಹರಿಸಿದರೆ ವಿಷ ಮಣಿಯೊಳಗೆ ಉಳಿದು, ನೀರು ಶುದ್ಧವಾಗಿ ಬರುತ್ತಿತ್ತು.

“ವಿಷ ಹಿಡಿಯಬೇಕಾದರೆ ಮಣಿಯ ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳಿರಬೇಕು. ಅದಕ್ಕಾಗಿ ಅವನು ರಾಳಕ್ಕೆ ಒಂದು ಬಗೆಯ ಎಣ್ಣೆ ಬೆರೆಸಿ, ನೀರಿಗೆ ಸುರಿದು, ಕಾಯಿಸುತ್ತಾ ಕಲಕುತ್ತಿದ್ದ. ರಾಳ ಹನಿಹನಿಯಾಗಿ ಗಟ್ಟಿಯಾಗುತ್ತಿತ್ತು. ಎಣ್ಣೆ ಗಟ್ಟಿಯಾಗದೆ ಒಳಗೇ ಉಳಿಯುತ್ತಿತ್ತು. ಆಮೇಲಿನದೇ ಬೇಸರದ ಕೆಲಸ. ಮಣಿಗಳನ್ನು ಸ್ಪಿರಿಟ್ಟಿನಲ್ಲಿ ನೆನೆಸಬೇಕು, ಬಸಿಯಬೇಕು, ಮತ್ತೆ ನೆನೆಸಬೇಕು. ಎಣ್ಣೆ ಸ್ವಲ್ಪಸ್ವಲ್ಪವೇ ಹೊರಬರಬೇಕು. ಅದು ಬಿಟ್ಟುಹೋದ ಜಾಗವೇ ತೂತು.

“ತೊಳೆದೂ ತೊಳೆದೂ ಒಮ್ಮೆ ಅವನಿಗೆ ಸಾಕಾಗಿಹೋಯಿತು. ‘ಹೇಗಾದರೂ ಎಣ್ಣೆ ಹೋದರಾಯಿತಲ್ಲ’ ಎಂದುಕೊಂಡು ಮಣಿಗಳನ್ನು ಒಲೆಯ ಮೇಲಿಟ್ಟು ಕಾಯಿಸಿಬಿಟ್ಟ. ಎಣ್ಣೆಯೆಲ್ಲ ಆವಿಯಾಗಿ ಹೋಯಿತು. ಮಣಿಗಳು ಮೊದಲಿಗಿಂತ ಗಟ್ಟಿಯಾಗಿ, ಹೊಳಪಾಗಿ ಬಂದವು. ಅವನಿಗೆ ಖುಷಿಯೋ ಖುಷಿ. ಪಾಪ, ನಿನ್ನ ಹಾಗೆಯೇ.

“ಕೆಲವು ತಿಂಗಳು ಕಳೆದ ಮೇಲೆ ಆ ಊರಿನ ಹೆಂಗಸೊಬ್ಬಳು, ನಡೆಯಲಾರದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ‘ಅಣ್ಣಾ, ನೀನ್ ಕೊಟ್ಟ ಮಣಿ ಫಳಫಳ ಅಂತೈತೆ. ಅದರ ನೀರೇ ಕುಡಿಸ್ತಾ ಇವ್ನಿ. ಮಗೀನ ಕಾಲು ಮಾತ್ರ ಸೊಟ್ಟ ಆಗ್ತಾನೇ ಐತೆ’ ಎಂದಳು.

“ಅವನು ಒಂದು ಹಿಡಿ ಮಣಿಯನ್ನು ನೆನೆಹಾಕಿ, ಒರೆಸಿ, ತೂಗಿ ನೋಡಿದ. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಅವಸರದ ಬೆಂಕಿಗೆ ಒಳಗಿನ ಗೋಡೆಗಳು ಕುಸಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಎಣ್ಣೆಯ ಜೊತೆಗೆ ಎಣ್ಣೆ ಇದ್ದ ಜಾಗವೂ ಹೋಗಿತ್ತು. ಆ ಮಗುವಿನ ಕಾಲು ನೋಡಲಾರದೆ ಅವನು ತಲೆ ತಗ್ಗಿಸಿದ.”

“ಆ ಮಣಿಗಳನ್ನು ಮತ್ತೆ ತೊಳೆದಿದ್ದರೆ ಸರಿಹೋಗುತ್ತಿರಲಿಲ್ಲವೇ?” ಎಂದ ಶಿಷ್ಯ. ಅವನ ದನಿ ಇಳಿದಿತ್ತು.

ಗುರುಗಳು ಗೋಡೆ ಬಿಟ್ಟು ಅವನ ಕಡೆಗೆ ಬಾಗಿದರು.

“ಮನೆ ಬಿಟ್ಟು ಹೊರಟ ದಿನ ನೀನು ಅತ್ತಿದ್ದೆಯೇನಪ್ಪಾ?”