ಕೆಂಪು ಮಣ್ಣು ತುಳಿದ ಜೋಗಿ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಹಿಂದೆ ಇರೋರಿಗೂ ಕೇಳಲಿ. ಒಂದು ರಾಜ್ಯದಲ್ಲಿ ಮುಕುಟಸೇನ ಅಂತ ಒಬ್ಬ ರಾಜ ಇದ್ದ. ಊಟಕ್ಕೆ ಕಡಿಮೆಯಿಲ್ಲ, ಉಡುಪಿಗೆ ಕಡಿಮೆಯಿಲ್ಲ, ಆದರೂ ಅವನಿಗೊಂದು ಕೆಟ್ಟ ಚಾಳಿ. ಎದುರಿಗೆ ನಿಂತು ಯಾರು ಏನು ಹೇಳಿದರೂ ನಂಬುತ್ತಿರಲಿಲ್ಲ. ಕದ್ದು ಕೇಳಿಸಿಕೊಂಡದ್ದನ್ನು ಮಾತ್ರ ನಂಬುತ್ತಿದ್ದ.

ಒಂದು ದಿನ ಆ ರಾಜನಿಗೆ ದೋಣಿಯಾಟದ ಹುಚ್ಚು ಹಿಡಿಯಿತು. ಊರ ಕೆರೆ ನನಗೊಬ್ಬನಿಗೇ ಬೇಕು ಅಂತ ಸುತ್ತ ಕಾವಲು ಹಾಕಿಸಿದ. ಕೆರೆಯ ಪಕ್ಕದಲ್ಲೇ ಕುಂಬಾರರ ಹಟ್ಟಿ. ತಾತ ಮುತ್ತಾತನ ಕಾಲದಿಂದ ಅಲ್ಲಿಯ ಕೆಂಪು ಜೇಡಿ ತಂದು ಗಡಿಗೆ ಮಾಡಿ ಬದುಕಿದ ಜನ. ಮಣ್ಣಿಲ್ಲದೆ ತಿಗರಿ ತಿರುಗೋದಿಲ್ಲ, ತಿಗರಿ ತಿರುಗದೆ ಮನೆಯ ಒಲೆ ಉರಿಯೋದಿಲ್ಲ. ಹಟ್ಟಿಯಲ್ಲಿ ಇನ್ನು ಉಳಿದದ್ದು ಒಂದೇ ಗುಡ್ಡೆ ಮಣ್ಣು.

ಅರಮನೆಗೆ ಹೋಗಿ ಕೇಳಿಕೊಳ್ಳೋಣ ಅಂತ ಹೊರಟರು. ಒಮ್ಮೆ ಹೋದರು, ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಹೋದರು, ತೆರೆಯಲಿಲ್ಲ. ಮೂರನೇ ಸಲ ಹೋದರು, ಬಾಗಿಲು ತೆರೆಯಿತು, ನಾಯಿಗಳು ಹೊರಗೆ ಬಂದವು.

ಸರಿ, ನಾವೇ ಎಲ್ಲರೂ ಸೇರಿ ಮಣ್ಣು ತರೋಣ ಅಂತ ಹುಣಸೆಮರದ ಕೆಳಗೆ ಕೂತು ಪಿಸುಪಿಸು ಮಾತಾಡಿಕೊಂಡರು. ಅಲ್ಲೇ ಒಬ್ಬ ಬಳೆಗಾರ ಹೆಗಲ ಮೇಲಿನ ಬಳೆ ಮಲಾರ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ. ಅವನು ರಾಜನ ಬೇಹುಗಾರ. ಮಾರನೇ ದಿನ ಕುಂಬಾರರು ಬುಟ್ಟಿ ಹೊತ್ತು ಹೋದರೆ ಕೆರೆ ಏರಿಯ ತುಂಬ ಸಿಪಾಯಿಗಳು.

ಮಾತು ಹೊರಗೆ ಹೋದದ್ದು ಹೇಗೆ? ಬಳೆಗಾರ ಯಾರಿಗೂ ನೆನಪಾಗಲಿಲ್ಲ. ಭಾವ ಮೈದುನನನ್ನು ಅನುಮಾನಿಸಿದ. ಅತ್ತೆ ಸೊಸೆಯನ್ನು ಅನುಮಾನಿಸಿದಳು. ಅಂದು ಆವಿಗೆಯಲ್ಲಿ ಗಡಿಗೆಗಳು ಬೇಯುತ್ತಿದ್ದವು. ಸರದಿಯ ಮೇಲೆ ಜೋಡಿಯಾಗಿ ನಿಂತು ಬೆಂಕಿ ಕಾಯಬೇಕು. ಆದರೆ ಒಬ್ಬರ ಪಕ್ಕ ಒಬ್ಬರು ನಿಲ್ಲಲು ಒಪ್ಪಲಿಲ್ಲ. ಬೆಂಕಿ ಆರಿತು. ಅಷ್ಟೂ ಗಡಿಗೆ ಅರೆಬೆಂದು ಹಾಳಾದವು. ನೋಡಿದಿರಾ, ರಾಜ ಒಂದು ಕಲ್ಲೂ ಎಸೆಯಲಿಲ್ಲ.

ಹಟ್ಟಿಯ ಹಿರಿಯಳು ಸಿರಿಯವ್ವ ಒಂದು ಅರೆಬೆಂದ ಗಡಿಗೆ ತಂದು ಎಲ್ಲರ ಮುಂದೆ ಇಟ್ಟಳು. ಬೆರಳಲ್ಲಿ ಒತ್ತಿದರೆ ಪುಡಿಯಾಯಿತು.

“ರಾಜ ಕಳಿಸಿದ್ದು ಹೆಚ್ಚೆಂದ್ರೆ ಒಬ್ಬ ಬೇಹುಗಾರನ್ನ,” ಅಂದಳು. “ನಾವು ಮನೆಗೊಬ್ಬರನ್ನ ಮಾಡ್ಕೊಂಡ್ವಲ್ರಪ್ಪ.”

ಎಲ್ಲರೂ ತಲೆ ತಗ್ಗಿಸಿದರು. ಸಿರಿಯವ್ವ ಮುಂದುವರಿಸಿದಳು. ನಾವು ಕೇಳೋದು ನ್ಯಾಯ, ಅದಕ್ಕೆ ಪಿಸುಮಾತು ಯಾಕೆ, ಕೂಗಿ ಹೇಳೋಣ. ಮುಖಂಡರು ಯಾರು ಅಂತ ಯಾರಾದರೂ ಕೇಳಿದರೆ ನಾನೇ ಅಂತ ಎಲ್ಲರೂ ಹೇಳೋಣ. ಇನ್ನು ಮಣ್ಣು ತುಳಿಯೋರ ನಡುವೆ ಸುಮ್ಮನೆ ಕೂರಬಾರದು ಅನ್ನೋ ಹಟ್ಟಿಯ ಪದ್ಧತಿ ಇದೆಯಲ್ಲ, ಅದು ಬಂದ ನೆಂಟರಿಗೂ ಇರಲಿ.

ಎರಡನೇ ಬೇಹುಗಾರ ಕಣಿ ಹೇಳುವವನ ವೇಷದಲ್ಲಿ ಬಂದ. ಬಾರಪ್ಪ, ಕಾಲು ತೊಳೆದು ಇಳಿ ಅಂತ ಕರೆದು ಹೊತ್ತು ಇಳಿಯುವತನಕ ಮಣ್ಣು ತುಳಿಸಿದರು, ಹೊಟ್ಟೆ ತುಂಬ ಅಂಬಲಿ ಕೊಟ್ಟರು. ಅವನು ಕೆಂಪು ಕಾಲಲ್ಲೇ ಕುಂಟುತ್ತ ಅರಮನೆಗೆ ಹೋದ. ಅಲ್ಲಿ ಗುಟ್ಟೇ ಇಲ್ಲ, ಕೆರೆಯ ಮಣ್ಣು ಬೇಕು ಅಂತ ಗಟ್ಟಿಯಾಗಿ ಹೇಳುತ್ತಾರೆ, ಮುಖಂಡ ಯಾರು ಅಂದರೆ ಎಲ್ಲರೂ ನಾನೇ ಅನ್ನುತ್ತಾರೆ ಅಂತ ವರದಿ ಒಪ್ಪಿಸಿದ.

“ಗುಟ್ಟಿಲ್ಲ ಅನ್ನೋದೇ ದೊಡ್ಡ ಗುಟ್ಟು,” ಅಂದ ರಾಜ. ತಾನೇ ಹೊರಟ. ಮುಖಕ್ಕೆ ಬೂದಿ, ಗಲ್ಲಕ್ಕೆ ಅಂಟುಗಡ್ಡ, ಹೆಗಲಿಗೆ ಕೊಂಬು, ಥೇಟ್ ಜೋಗಿ. ಹೊರಡುವಾಗ ಸಿಪಾಯಿಗಳಿಗೆ ಅಪ್ಪಣೆ ಕೊಟ್ಟ. ನಾನು ಕೊಂಬು ಊದಿದ ಕೂಡಲೇ ಬನ್ನಿ, ಕಾಲಲ್ಲಿ ಕೆಂಪು ಮಣ್ಣಿರುವ ಎಲ್ಲರನ್ನೂ ಕಟ್ಟಿ ಎಳೆದು ತನ್ನಿ, ಯಾರು ಏನು ಹೇಳಿದರೂ ಕೇಳಬೇಡಿ ಅಂದ.

ಜೋಗಿ ಬಂದ. ಬಾರಪ್ಪ, ಕಾಲು ತೊಳೆದು ಇಳಿ ಅಂದರು. ಅವನ ಅಂಗಾಲು ಬೆಣ್ಣೆಯ ಹಾಗಿರುವುದನ್ನು ಸಿರಿಯವ್ವ ನೋಡಿದಳು, ಇದು ಪಲ್ಲಕ್ಕಿಯಲ್ಲಿ ಓಡಾಡೋ ಕಾಲು ಅಂತ ಹೊಳೆದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ರಾಜ ಒಂದು ಕಾಲಿಟ್ಟ, ಜಾರಿದ. ಎರಡನೇ ಕಾಲಿಟ್ಟ, ಹೂತುಕೊಂಡ. ಏಳಲು ಹೋಗಿ ಕುಕ್ಕರಿಸಿದ. ಹಟ್ಟಿಗೆ ಹಟ್ಟಿಯೇ ನಕ್ಕಿತು. ಕೊನೆಗೆ ಹೇಗೋ ನಿಂತುಕೊಂಡು, ನಿಮ್ಮ ಮುಖಂಡ ಯಾರು ಅಂತ ಕೇಳಿದ. ನಾನೇ ಅಂದ ಒಬ್ಬ. ನಾನೇ ಅಂದಳು ಅವನ ಹೆಂಡತಿ. ನಾನೇ ಅಂದಿತು ಅವಳ ಸೊಂಟದ ಮೇಲಿನ ಕೂಸು.

ರಾಜ ಸಿಟ್ಟಿನಿಂದ ಕೊಂಬು ಊದಿದ. ಸಿಪಾಯಿಗಳು ನುಗ್ಗಿದರು. ಕೆಂಪು ಕಾಲಿನವರನ್ನೆಲ್ಲ ಕಟ್ಟಿದರು. ಎಲ್ಲರಿಗಿಂತ ಹೆಚ್ಚು ಮಣ್ಣು ಮೆತ್ತಿದ್ದು ಜೋಗಿಗೆ, ಅವನನ್ನು ಎಲ್ಲರಿಗಿಂತ ಬಿಗಿಯಾಗಿ ಕಟ್ಟಿದರು.

“ನಾನು ನಿಮ್ಮ ರಾಜ ಕಣ್ರೋ,” ಅಂತ ಅವನು ಕೂಗಿದ.

“ಉಳಿದೋರು ಬರೀ ಮುಖಂಡರು, ಇವನು ರಾಜನಂತೆ,” ಅಂತ ಸಿಪಾಯಿ ಹಗ್ಗ ಇನ್ನೊಂದು ಸುತ್ತು ಬಿಗಿದ. ಯಾರ ಮಾತೂ ಕೇಳಬಾರದು ಅಂತ ಅಪ್ಪಣೆಯಾಗಿತ್ತಲ್ಲ.

ನಡುಮಧ್ಯಾಹ್ನ, ಪೇಟೆ ಬೀದಿಯಲ್ಲಿ ಮೆರವಣಿಗೆ. ಜನ ಅಂಗಡಿ ಬಿಟ್ಟು ಬಂದು ನೋಡಿದರು. ರಾಜ ಬೆವೆತು ಹೋಗಿ, ಪಕ್ಕದಲ್ಲಿದ್ದ ಸಿರಿಯವ್ವನನ್ನು ಬೇಡಿಕೊಂಡ.

“ಅವ್ವಾ, ನೀನಾದ್ರೂ ನನ್ನ ಗುರುತು ಹೇಳು.”

“ಹೇಳ್ತೀನಿ ಸ್ವಾಮಿ. ಮೊದಲು ನಮ್ಮ ಮಾತು ಎದುರಿಗೇ ನಿಂತು ಕೇಳಿ.”

ಎಲ್ಲಿಗೆ ಓಡಿಯಾನು? ಕೇಳಿದ. ಮಣ್ಣಿನ ಕಥೆ ಕೇಳಿದ, ಬಾಗಿಲಿನ ಕಥೆ ಕೇಳಿದ, ನಾಯಿಯ ಕಥೆಯನ್ನೂ ಕೇಳಿದ. ಕೆರೆ ನಿಮ್ಮದೇ, ಇನ್ನು ಬೇಹುಗಾರರನ್ನು ಕಳಿಸುವುದಿಲ್ಲ ಅಂತ ಇಡೀ ಪೇಟೆಗೆ ಕೇಳುವಂತೆ ಮಾತು ಕೊಟ್ಟ. ಆಗ ಸಿರಿಯವ್ವ ಹೇಳಿ ಅಂಗಡಿಯಿಂದ ಒಂದು ಕೊಡ ನೀರು ತರಿಸಿ ಅವನ ತಲೆಯ ಮೇಲೆ ಸುರಿಸಿದಳು. ಬೂದಿ ಹೋಯಿತು, ಗಡ್ಡ ಹೋಯಿತು, ಒಳಗಿಂದ ರಾಜ ಬಂದ. ಸಿಪಾಯಿಗಳ ಕೈಯಿಂದ ಹಗ್ಗ ಕಳಚಿ ಬಿತ್ತು. ಅಂದೇ ಸಂಜೆ ಕುಂಬಾರರು ಹಾಡು ಹೇಳಿಕೊಂಡು ಕೆರೆಗಿಳಿದು ಬುಟ್ಟಿ ತುಂಬ ಮಣ್ಣು ತಂದರು.

ಆದ್ದರಿಂದ ಮಕ್ಕಳೇ, ನ್ಯಾಯ ಕೇಳುವಾಗ ಯಾರೋ ಕದ್ದು ಕೇಳಿಸಿಕೊಂಡಾರು ಅಂತ ಹೆದರಬೇಡಿ. ಮಾತು ಹೊರಗೆ ಹೋದರೆ ಹೋಗಲಿ. ಪಕ್ಕದಲ್ಲಿ ನಿಂತವರ ಮೇಲಿನ ನಂಬಿಕೆ ಹೋಗದಂತೆ ನೋಡಿಕೊಳ್ಳಿ, ಅದೊಂದಿದ್ದರೆ ಕದ್ದು ಕೇಳುವವನೇ ಸಿಕ್ಕಿಬೀಳುತ್ತಾನೆ.

ಆ ರಾಜನ ಕಾಲಿನ ಕೆಂಪು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲವಂತೆ. ಪಲ್ಲಕ್ಕಿ ಕುಂಬಾರರ ಹಟ್ಟಿ ದಾಟುವಾಗ ಕಾಲು ಒಳಗೆ ಎಳೆದುಕೊಳ್ಳುತ್ತಾನಂತೆ. ಏಳಿ, ನೀವೂ ಕಾಲು ತೊಳೆದುಕೊಂಡು ಊಟಕ್ಕೆ ಬನ್ನಿ.